ತೂಲಿಕೆಯ ಆಯ್ಕೆ ಮತ್ತು ಅಹಿಂಸಾಣುವ್ರತ

ನೋಂಪಿ, ಉಪವಾಸ, ಏಕಾಶನಗಳ ವಿಚಾರವಾಗಿ ನಮ್ಮಲ್ಲಿ ಬಹಳಷ್ಟು ಚರ್ಚೆ ನಡೆದಿದೆ. ಏನನ್ನು ಉಣ್ಣಬೇಕು, ಯಾವ ಹೊತ್ತಿನೊಳಗೆ ಉಣ್ಣಬೇಕು, ನೀರನ್ನು ಹೇಗೆ ಸೋಸಬೇಕು ಎಂಬ ವಿಷಯಗಳಲ್ಲಿ ಶ್ರಾವಕ-ಶ್ರಾವಿಕೆಯರಿಗೆ ಹೊಸದಾಗಿ ಹೇಳಬೇಕಾದುದು ಹೆಚ್ಚೇನೂ ಉಳಿದಿಲ್ಲ. ಬಾಯಿಗೆ ಹೋಗದೆ ಕೇವಲ ಕೈಯಲ್ಲಿ ಉಳಿಯುವ ವಸ್ತುಗಳ ವಿಷಯದಲ್ಲಿ ಮಾತ್ರ ನಾವು ಅಷ್ಟು ಎಚ್ಚರವಾಗಿಲ್ಲ. ಪೂಜೆಗೆ ರೇಷ್ಮೆ ಉಡಬಹುದೇ ಎಂದು ಕೇಳುವವರಿದ್ದಾರೆ. ಚರ್ಮದ ಚೀಲವನ್ನು ಬಸದಿಯ ಹೊರಗಿಟ್ಟು ಬರುವವರಿದ್ದಾರೆ. ಆದರೆ ಜಿನಬಿಂಬವನ್ನು ಬರೆಯುವ ಕುಂಚವು ಯಾವ ಪ್ರಾಣಿಯ ಮೈಯಿಂದ ಬಂದಿತೆಂದು ಕೇಳಿದವರನ್ನು ನಾನು ಬಹುಕಾಲ ಕಂಡಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಈ ಲೇಖಕನು ಚಿತ್ರಕಲಾ ಶಿಕ್ಷಕನಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ವರ್ಗವಾಗಿ ತಿರುಗಿ, ಕಡೆಗೆ ಹರಪನಹಳ್ಳಿಯಲ್ಲಿ ನಿವೃತ್ತನಾದವನು. ನನ್ನ ತಂಗಿ ತಾನು ಹಿಡಿದಿದ್ದ ಜೀವದಯಾಷ್ಟಮಿ ನೋಂಪಿಯ ಉದ್ಯಾಪನೆಗಾಗಿ ಯಶೋಧರನ ಭವಾವಳಿಯನ್ನು ಅಂಗೈಯಗಲದ ಚಿತ್ರಗಳಲ್ಲಿ ಬರೆದುಕೊಡಬೇಕೆಂದು ಕೇಳಿದಳು. ಶಾಸ್ತ್ರದಾನದ ಪುಸ್ತಕದಲ್ಲಿ ಅವುಗಳನ್ನು ಸೇರಿಸಬೇಕೆಂಬುದು ಅವಳ ಆಸೆ. ನಾನು ಸಂತೋಷದಿಂದ ಒಪ್ಪಿ, ಪೆಟ್ಟಿಗೆಯಿಂದ ಕುಂಚಗಳನ್ನು ತೆಗೆದು ಮೇಜಿನ ಮೇಲೆ ಹರವಿದೆ. ಅವುಗಳಲ್ಲೊಂದು ನನ್ನ ಅಚ್ಚುಮೆಚ್ಚಿನದು. ಬಹಳ ವರ್ಷಗಳ ಹಿಂದೆ ದೂರದ ಊರಿನ ಒಂದು ಅಂಗಡಿಯಲ್ಲಿ ಕೊಂಡದ್ದು. ಅವಳು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, "ಅಣ್ಣಾ, ಇದು ಯಾವುದರ ಕೂದಲು?" ಎಂದಳು.

ಒಂದೊಂದು ಎಳೆಯಲ್ಲಿಯೂ ಕಂದು ಮತ್ತು ಕೆನೆಯ ಬಣ್ಣದ ಪಟ್ಟಿಗಳಿದ್ದವು. ಅದು ಮುಂಗುಸಿಯ ಕೂದಲೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗೆಗೆ ಎಂದೂ ಯೋಚಿಸಿರಲಿಲ್ಲ ಎಂಬುದೇ ನಾಚಿಕೆಯ ಸಂಗತಿ.

ಮುಂಗುಸಿಯು ನಮ್ಮ ಹೊಲಗಳ ಬದುಗಳಲ್ಲಿ ಓಡಾಡುವ ಜೀವ. ಪಯಣಕ್ಕೆ ಹೊರಟಾಗ ಅದು ಕಂಡರೆ ಶುಭವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯನ್ನು, ಅದರ ಬಾಯಿಯ ರಕ್ತವನ್ನಷ್ಟೇ ಕಂಡು, ವಿಚಾರಿಸದೆ ಕೊಂದ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಈ ಪ್ರಾಣಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಅದರ ಕೂದಲಿನ ವ್ಯಾಪಾರವು ಅಪರಾಧ. ಆದರೂ ಕುಂಚಕ್ಕಾಗಿ ಅದನ್ನು ಬಲೆಯೊಡ್ಡಿ ಹಿಡಿದು ಕೊಲ್ಲುವುದು ನಿಂತಿಲ್ಲ. 2019ರ ಅಕ್ಟೋಬರಿನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ವಿಭಾಗವು ದೇಶದ ಹಲವೆಡೆ ಒಟ್ಟಿಗೆ ಶೋಧ ನಡೆಸಿದಾಗ 54,352 ಕುಂಚಗಳೂ 113 ಕಿಲೋಗ್ರಾಂ ಕಚ್ಚಾ ಕೂದಲೂ ಸಿಕ್ಕಿದವು. ಉತ್ತರಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್ ಕುಂಚ ತಯಾರಿಕೆಗೆ ಹೆಸರಾದ ಊರು. ಶೋಧ ನಡೆದ ಸ್ಥಳಗಳಲ್ಲಿ ಅದೂ ಒಂದು. ಒಂದು ಕಿಲೋಗ್ರಾಂ ಕೂದಲಿಗೆ ಕಡಮೆಯೆಂದರೂ ಐವತ್ತು ಮುಂಗುಸಿಗಳು ಸಾಯಬೇಕೆಂಬುದು ಆಗ ಅಧಿಕಾರಿಗಳು ಕೊಟ್ಟ ಲೆಕ್ಕ. ಹಾಗಾದರೆ ಆ 113 ಕಿಲೋಗ್ರಾಂ ಕೂದಲಿನ ಹಿಂದೆ ಐದು ಸಾವಿರದ ಆರುನೂರಕ್ಕೂ ಮೇಲ್ಪಟ್ಟು ಜೀವಗಳಿದ್ದವು.

ನಾನು ತಂಗಿಗೆ ಮೊದಲು ಕೊಟ್ಟ ಉತ್ತರ, ಎಲ್ಲರೂ ಕೊಡಬಹುದಾದ ಉತ್ತರವೇ: "ನಾನೇನು ಕೊಂದೆನೇ? ಸತ್ತದ್ದರ ಕೂದಲನ್ನು ಕೊಂಡೆ." ಅವಳು ಮರುಮಾತಾಡಲಿಲ್ಲ. ಆದರೆ ಆ ಉತ್ತರವು ಆಡಿದ ನನಗೇ ರುಚಿಸಲಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನು ನಮಗೆ ಚಿಕ್ಕಂದಿನಲ್ಲಿಯೇ ಕಲಿಸಿದ್ದಾರೆ. ತಾನೇ ಮಾಡಿದುದು, ಇತರರಿಂದ ಮಾಡಿಸಿದುದು, ಮಾಡಿದುದಕ್ಕೆ ಒಪ್ಪಿಗೆಯಿತ್ತುದು. ಬೇಟೆಗಾರನಿಗೆ ನಾನು ಆಜ್ಞೆ ಮಾಡಲಿಲ್ಲ, ನಿಜ. ಆದರೆ ಕೊಳ್ಳುವವನ ಹಣವೇ ಅವನಿಗೆ ಆಜ್ಞೆಯಲ್ಲವೆ? ಬಿಡಿಯಾಗಿ ನೋಡಿದರೆ ಒಂದು ಸಣ್ಣ ಕುಂಚದಲ್ಲಿ ಒಂದು ಗ್ರಾಂ ಕೂದಲೂ ಇರಲಾರದು. ಆದುದರಿಂದ ನನ್ನ ಪಾಲಿಗೆ ಬರುವುದು ಮುಂಗುಸಿಯ ಒಂದು ಸಣ್ಣ ಭಾಗದ ಪಾಪ ಮಾತ್ರವೆಂದು ಲೆಕ್ಕ ಹಾಕುವವರೂ ಇದ್ದಾರು. ಕೂದಲನ್ನು ಭಾಗಿಸಬಹುದು, ಸಾವನ್ನು ಭಾಗಿಸಲು ಬರುವುದಿಲ್ಲ.

ಇದನ್ನು ಯಶೋಧರನ ಕಥೆಗಿಂತ ಚೆನ್ನಾಗಿ ತಿಳಿಸುವ ಕಥೆ ನಮ್ಮಲ್ಲಿಲ್ಲ. ಜನ್ನನು 1209ರ ಸುಮಾರಿಗೆ ಕನ್ನಡದಲ್ಲಿ ಬರೆದ ಆ ಕಾವ್ಯದಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತರಿಸಿದಾಗ ಅದು ಕೂಗಿತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ನವಿಲು, ನಾಯಿ, ಹಾವು, ಮೀನು, ಆಡು, ಕೋಳಿಗಳಾಗಿ ಹುಟ್ಟಿ ಹುಟ್ಟಿ ಸತ್ತರು. ಜೀವವಿಲ್ಲದುದನ್ನು ಜೀವವೆಂದು ಭಾವಿಸಿ ಕೊಂದುದಕ್ಕೇ ಅಷ್ಟು ಫಲ. ಜೀವವಿದ್ದುದನ್ನು ಕೇವಲ ವಸ್ತುವೆಂದು ಭಾವಿಸಿ ಕೊಂಡುದಕ್ಕೆ ಎಷ್ಟು? ಅದೇ ಕಥೆಯನ್ನು, ಜೀವದಯೆಯ ನೋಂಪಿಗಾಗಿ, ಕೊಂದ ಮುಂಗುಸಿಯ ಬಾಲದಿಂದ ಬರೆಯಲು ನಾನು ಕುಳಿತಿದ್ದೆ.

ಇದಕ್ಕೆ ಕಲಾವಿದರ ಕಡೆಯಿಂದ ಒಂದು ಪ್ರತಿವಾದವುಂಟು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಒಳ್ಳೆಯ ಕುಂಚವಿಲ್ಲದೆ ಒಳ್ಳೆಯ ರೇಖೆಯಿಲ್ಲ. ಜಿನನ ಅರೆಮುಚ್ಚಿದ ಕಣ್ಣಿನ ಗೆರೆಯು ಒಂದು ಕೂದಲೆಳೆಯಷ್ಟು ಅತ್ತಿತ್ತ ಸರಿದರೆ ಧ್ಯಾನವು ನಿದ್ರೆಯಾಗಿ ತೋರುತ್ತದೆ. ಮೂಡಬಿದಿರೆಯಲ್ಲಿ ರಕ್ಷಿಸಲ್ಪಟ್ಟಿರುವ, 12ನೆಯ ಶತಮಾನದ ಆರಂಭಕಾಲದ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳಲ್ಲಿರುವ ಚಿತ್ರಗಳನ್ನು ನೆನೆಯಿರಿ. ತಾಳೆಯ ಗರಿಯ ಆ ಕಿರಿದಾದ ಅಗಲದಲ್ಲಿ ತೀರ್ಥಂಕರರೂ ಯಕ್ಷ-ಯಕ್ಷಿಯರೂ ಭಕ್ತರೂ ನೆಲೆಸಬೇಕಾದರೆ ರೇಖೆಯು ಎಷ್ಟು ಹಿಡಿತದಲ್ಲಿರಬೇಕು! ಕೆಟ್ಟ ಕುಂಚದಿಂದ ಕೆಟ್ಟ ಚಿತ್ರವನ್ನು ಬರೆದು ಅಹಿಂಸೆಯನ್ನು ಪಾಲಿಸಿದೆನೆಂದು ಹೇಳಿಕೊಳ್ಳುವುದು ಸುಲಭ. ಅದು ಸೋಮಾರಿಯ ವ್ರತ.

ಆದುದರಿಂದ ಒಳ್ಳೆಯ ಕುಂಚವೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಜಲವರ್ಣದ ಕುಂಚದಲ್ಲಿ ನೋಡಬೇಕಾದುದು ಮೂರು: ತುದಿ, ಹೊಟ್ಟೆ, ಚಿಮ್ಮು. ಕುಂಚವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಒಮ್ಮೆ ಕೊಡವಿದರೆ ಅದು ತಾನಾಗಿಯೇ ಒಂದೇ ಮೊನೆಗೆ ಕೂಡಬೇಕು. ಎರಡಾಗಿ ಸೀಳಿದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬರಬೇಕು. ನಡುಭಾಗವು ತುಂಬಿದ್ದು ಬಣ್ಣದ ನೀರನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ತುದಿಗೆ ಇಳಿಸಬೇಕು. ಬಗ್ಗಿಸಿ ಬಿಟ್ಟಾಗ ನೆಟ್ಟಗೆ ಹಿಂದಿರುಗಬೇಕು. ಲೋಹದ ಕೊಳವೆಯಲ್ಲಿ ಬೆಸುಗೆಯ ಗೆರೆಯಿರಬಾರದು, ಅದು ಹಿಡಿಯ ಮೇಲೆ ಅಲುಗಾಡಬಾರದು. ಅಂಗಡಿಗಳಲ್ಲಿ ಕುಂಚಕ್ಕೆ ಅಂಟುಹಾಕಿ ತುದಿಯನ್ನು ಚೂಪು ಮಾಡಿಟ್ಟಿರುತ್ತಾರೆ. ಒಣಗಿದ್ದಾಗಿನ ಆ ಚೂಪನ್ನು ನಂಬಬಾರದು. ಒಂದು ಲೋಟ ನೀರು ಕೇಳಲು ಸಂಕೋಚಪಡಬಾರದು.

ಸೂಕ್ಷ್ಮಚಿತ್ರಗಳ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳೆಲ್ಲರೂ ಮಾಡುತ್ತಿದ್ದ ತಪ್ಪೊಂದಿದೆ. ಚಿತ್ರ ಸಣ್ಣದಾದರೆ ಕುಂಚವೂ ಸಣ್ಣದಿರಬೇಕೆಂದು ಭಾವಿಸಿ, ಐದು ಸೊನ್ನೆಯ, ನಾಲ್ಕಾರು ಎಳೆಗಳ ಕುಂಚವನ್ನು ತರುತ್ತಿದ್ದರು. ಕೂಡ್ಲಿಗಿಯ ವೈಶಾಖದ ಬಿಸಿಲಿನಲ್ಲಿ ಅಂಥ ಕುಂಚವು ಬಟ್ಟಲಿನಿಂದ ಕಾಗದಕ್ಕೆ ಬರುವಷ್ಟರಲ್ಲಿಯೇ ಒಣಗಿಬಿಡುತ್ತದೆ! ಗೆರೆಯು ಅರ್ಧದಲ್ಲಿ ತುಂಡಾಗುತ್ತದೆ. ಮತ್ತೆ ಜೋಡಿಸಿದಲ್ಲಿ ಗಂಟಾಗುತ್ತದೆ. ಎರಡನೆಯ ನಂಬರಿನ, ಹೊಟ್ಟೆ ತುಂಬಿದ, ಮೊನೆ ಸರಿಯಾದ ಕುಂಚವಿದ್ದರೆ ಕಣ್ಣಿನ ರೆಪ್ಪೆಯನ್ನೂ ಎಳೆಯಬಹುದು, ಪ್ರಭಾವಳಿಯ ಒಳಗನ್ನೂ ತುಂಬಬಹುದು. ರಾಜಸ್ಥಾನದ ಚಿತ್ರಕಾರರು ಒಂದು ಕೂದಲಿನ ಕುಂಚವೆಂದು ಹೇಳುವುದೂ ಒಂದೇ ಕೂದಲನ್ನು ಕಟ್ಟಿದ್ದಲ್ಲ. ಹಲವು ಕೂದಲುಗಳ ಗುಚ್ಛವು ಕಡೆಯಲ್ಲಿ ಒಂದೇ ಕೂದಲಾಗಿ ಮುಗಿಯಬೇಕೆಂಬುದೇ ಅದರ ಅಭಿಪ್ರಾಯ.

ಈ ಮೂರು ಗುಣಗಳೂ ಒಟ್ಟಿಗೆ ಇರುವುದು ಕೊಲಿನ್‌ಸ್ಕಿ ಎಂಬ ಕುಂಚದಲ್ಲಿ ಎಂದು ಜಗತ್ತಿನ ಚಿತ್ರಕಾರರು ನೂರೈವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅದು ಸೈಬೀರಿಯ ಮತ್ತು ಉತ್ತರ ಚೀನದ ಚಳಿಯಲ್ಲಿ ಬೆಳೆಯುವ, ಮುಂಗುಸಿಯಂತೆಯೇ ಉದ್ದಮೈಯ ಒಂದು ಕಿರುಮೃಗದ ಬಾಲದ ಕೂದಲು. ಚಳಿಗಾಲದಲ್ಲಿ ಕೂದಲು ದಟ್ಟವಾದಾಗ ಅದನ್ನು ಬಲೆಗೆ ಕೆಡವುತ್ತಾರೆ. ಅಳಿಲಿನ ಬಾಲದ ಕುಂಚವು ನೀರನ್ನು ಬಹಳ ಹಿಡಿಯುತ್ತದೆ, ಚಿಮ್ಮುವುದಿಲ್ಲ. ಆಡಿನ ಕೂದಲೂ ಹಾಗೆಯೇ ಮೃದು. ಅಗಲವಾಗಿ ಬಣ್ಣ ಹರಡಲು ಒಳ್ಳೆಯದು, ಗೆರೆಗೆ ಸಾಲದು.

ಇಲ್ಲಿ ಸತ್ಯಾಣುವ್ರತಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಶಾಲೆಯ ಮಕ್ಕಳು ಕೊಳ್ಳುವ ಒಂಟೆ ಕೂದಲಿನ ಕುಂಚದಲ್ಲಿ ಒಂಟೆಯ ಕೂದಲು ಇರುವುದೇ ಇಲ್ಲ. ಅಳಿಲು, ಆಡು, ಕುದುರೆಮರಿ ಇವುಗಳಲ್ಲಿ ಯಾವುದು ಅಗ್ಗವಾಗಿ ದೊರೆಯಿತೋ ಅದು, ಅಥವಾ ಎಲ್ಲದರ ಬೆರಕೆ. ಒಂಟೆಯ ಉಣ್ಣೆ ಸುರುಳಿಯಾದುದರಿಂದ ಅದು ಕುಂಚಕ್ಕೆ ಒದಗುವುದೂ ಇಲ್ಲ. ಚೀನದವರು ತೋಳದ ಕೂದಲೆಂದು ಕರೆಯುವ ಕುಂಚವೂ ತೋಳದ್ದಲ್ಲ. ಮೇಲೆ ಹೇಳಿದ ಕಿರುಮೃಗದ್ದೇ. ಇಂಥ ಸಂತೆಯಲ್ಲಿ "ನನಗೆ ತಿಳಿಯದು" ಎಂಬ ನೆಪವು ಬಹಳ ಸುಲಭವಾಗಿ ಸಿಗುತ್ತದೆ. ವ್ರತಿಯಾದವನು ಕೇಳಬೇಕು. ಉತ್ತರ ಸಿಗದಿದ್ದರೆ ಕೊಳ್ಳದಿರಬೇಕು.

ಹಾಗಾದರೆ ಪ್ರಾಣಿಯ ಕೂದಲೆಲ್ಲವೂ ವರ್ಜ್ಯವೇ? ನನಗೆ ಹಾಗೆ ತೋರುವುದಿಲ್ಲ. ನಮ್ಮ ಮುನಿಗಳ ಕೈಯಲ್ಲಿರುವ ಪಿಂಛಿಯನ್ನು ನೋಡಿರಿ. ಸರ್ವಹಿಂಸೆಯನ್ನೂ ತ್ಯಜಿಸಿದ ಮಹಾವ್ರತಿಗಳು ನವಿಲಿನ ಗರಿಯನ್ನು ಹಿಡಿದಿದ್ದಾರೆ. ಏಕೆಂದರೆ ಅದು ಕಿತ್ತ ಗರಿಯಲ್ಲ, ಉದುರಿದ ಗರಿ. ನವಿಲು ತಾನಾಗಿಯೇ ಬಿಟ್ಟುದನ್ನು ಕಿರುಜೀವಿಗಳ ರಕ್ಷಣೆಗಾಗಿ ಬಳಸುವುದು. ಮೃದುತ್ವ, ಹಗುರತನಗಳ ಜೊತೆಗೆ ಅದು ದೊರೆತ ರೀತಿಯೂ ಅದರ ಗುಣವೇ. ಈ ಅಳತೆಗೋಲನ್ನೇ ಕುಂಚಕ್ಕೂ ಹಿಡಿದರೆ, ಕೂದಲೋ ಅಲ್ಲವೋ ಎಂಬುದಕ್ಕಿಂತ ಅದು ಹೇಗೆ ಪ್ರಾಣಿಯನ್ನು ಬಿಟ್ಟುಬಂದಿತು ಎಂಬುದು ಮುಖ್ಯವಾಗುತ್ತದೆ.

ನಮ್ಮ ಪೂರ್ವಿಕರ ಕುಂಚಗಳಲ್ಲಿ ಇದಕ್ಕೆ ಆಧಾರವುಂಟು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂಡಿಸಿ ಲೇಖನಿಯನ್ನು ಮಾಡುವ ವಿಧಾನ ಬರುತ್ತದೆ. ನಮ್ಮ ಕೋಗಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ಅಂದು ಅವನ ರಾಜ್ಯದಲ್ಲಿದ್ದವು. ಕೋಗಳಿಯಾದರೋ ಪ್ರಸಿದ್ಧ ಜೈನಕೇಂದ್ರ. ಮುಂದೆ ಶಿಲ್ಪರತ್ನದಲ್ಲಿ ಕರುವಿನ ಕಿವಿಯ ಜೊತೆಗೆ ಆಡಿನ ಹೊಟ್ಟೆಯ ಕೂದಲೂ, ಅತಿ ಸೂಕ್ಷ್ಮವಾದ ಕೆಲಸಕ್ಕೆ ಹುಲ್ಲಿನ ತುದಿಯೂ ಹೇಳಲ್ಪಟ್ಟಿವೆ. ಕರುವಿನ ಕಿವಿಯ ಕೂದಲನ್ನು ಕತ್ತರಿಸಿದರೆ ಕರು ಕಿವಿ ಕೊಡವಿ ಓಡಿಹೋದೀತು, ಸಾಯದು. ಆದರೆ ಅರಗೂ ಕೀಟದಿಂದ ಬರುವುದೆಂಬುದನ್ನು ಮರೆಯುವಂತಿಲ್ಲ.

ಕುರಿ-ಆಡುಗಳ ನಾಡಾದ ನಮ್ಮ ಕಡೆ ಕೂದಲಿಗೆ ಬರವಿಲ್ಲ. ಕಂಬಳಿಯ ಉಣ್ಣೆಗೆ ಕುರಿಯ ಮೈ ಕತ್ತರಿಸುವುದನ್ನು ಕೊಟ್ಟೂರಿನ ಸುತ್ತಲಿನವರೆಲ್ಲ ಕಂಡಿದ್ದಾರೆ. ಹಾಗೆ ಕತ್ತರಿಸಿದ ಕೂದಲಿನಿಂದಲೇ ಕುಂಚವನ್ನು ಕಟ್ಟಬಾರದೇಕೆ ಎಂದು ನಾನು ಬಹಳ ಉತ್ಸಾಹದಿಂದ ಹೊರಟೆ, ಆದರೆ ಸೋತೆ. ಕಾರಣವನ್ನು ತಿಳಿದ ಮೇಲೆ ಅದು ಸ್ವಾರಸ್ಯವಾಗಿ ಕಂಡಿತು. ಕುಂಚದ ತುದಿಯನ್ನು ಕತ್ತರಿಯಿಂದ ಚೂಪು ಮಾಡುವುದಿಲ್ಲ. ಪ್ರತಿಯೊಂದು ಕೂದಲೂ ಹುಟ್ಟುವಾಗಲೇ ತುದಿಯಲ್ಲಿ ಸಣ್ಣಗಾಗಿರುತ್ತದೆ. ಆ ಸಹಜವಾದ ತುದಿಗಳನ್ನು ಮುಂದಿಟ್ಟು, ಬುಡವನ್ನು ಕತ್ತರಿಸಿ ಕಟ್ಟುತ್ತಾರೆ. ಒಮ್ಮೆ ಕತ್ತರಿಸಿದ ಕೂದಲು ಮತ್ತೆ ಬೆಳೆದಾಗ ಅದರ ತುದಿ ಮೊಂಡು. ಆದುದರಿಂದ ಮರಿಯ ಮೊದಲ ಕೂದಲು ಮಾತ್ರವೇ ಕುಂಚಕ್ಕೆ ಬರುತ್ತದೆ. ಜಪಾನಿನಲ್ಲಿ ಹಸುಳೆಯ ಮೊದಲ ಕ್ಷೌರದ ಕೂದಲಿನಿಂದ ಕುಂಚ ಮಾಡಿಸಿ ನೆನಪಿಗೆ ಇಟ್ಟುಕೊಳ್ಳುವ ಪದ್ಧತಿಯಿದೆ, ಕಾರಣವೂ ಇದೇ. ನಮ್ಮಲ್ಲಿ ಜವಳದ ಕೂದಲು ಹೊಳೆಯ ಪಾಲಾಗುತ್ತದೆ. ಅಹಿಂಸೆಯಿಂದ ದೊರೆತ ಸಹಜ ತುದಿಯ ಕೂದಲು ಮನೆಮನೆಯಲ್ಲಿಯೂ ಇದೆಯೆಂದು ನಾನು ಹೇಳಿದಾಗ ತಂಗಿ ನಕ್ಕುಬಿಟ್ಟಳು. ನಾನು ಪೂರ್ತಿ ತಮಾಷೆಗೆ ಹೇಳಿರಲಿಲ್ಲ.

ಹುಲ್ಲಿನ ವಿಚಾರಕ್ಕೆ ಬರೋಣ. ಮೈಸೂರು ಸಂಪ್ರದಾಯದ ಚಿತ್ರಕಾರರು ಅಳಿಲು, ಆಡುಗಳ ಕೂದಲಿನ ಜೊತೆಗೆ ಅತಿ ಸೂಕ್ಷ್ಮವಾದ ಗೆರೆಗೆ ಚೂಪಾದ ಹುಲ್ಲಿನೆಳೆಯನ್ನೂ ಬಳಸುತ್ತಿದ್ದರು. ಒರಿಸ್ಸಾದ ಪಟಚಿತ್ರಕಾರರು ಕೇದಗೆಯ ಬೇರಿನ ತುದಿಯನ್ನು ಜಜ್ಜಿ ಕುಂಚ ಮಾಡುತ್ತಾರೆ. ಮಿಥಿಲೆಯ ಹೆಣ್ಣುಮಕ್ಕಳು ಬಿದಿರುಕಡ್ಡಿಗೆ ಹತ್ತಿ ಸುತ್ತುತ್ತಾರೆ. ವಾರ್ಲಿಯವರು ಬಿದಿರನ್ನು ಅಗಿದು ತುದಿಯನ್ನು ಎಳೆ ಮಾಡಿಕೊಳ್ಳುತ್ತಾರೆ. ಏಕೇಂದ್ರಿಯ ಜೀವದ ಹಿಂಸೆ ಇಲ್ಲಿಯೂ ಉಂಟು. ಆದರೆ ಗೃಹಸ್ಥನಿಗೆ ಅದರಿಂದ ಪೂರ್ತಿ ಬಿಡುಗಡೆಯಿಲ್ಲ, ಒಣಗಿದ ಹುಲ್ಲನ್ನು ಆಯ್ದುಕೊಳ್ಳುವಷ್ಟು ಎಚ್ಚರ ಸಾಕು. ನಾನು ಒಣಹುಲ್ಲಿನಿಂದ ಬರೆದು ನೋಡಿದೆ. ಗೆರೆ ಅದ್ಭುತವಾಗಿ ಬರುತ್ತದೆ, ಒಂದು ಅಂಗುಲದಷ್ಟು. ಆಮೇಲೆ ಮತ್ತೆ ಅದ್ದಬೇಕು.

ಕೊನೆಗೆ ಉಳಿಯುವುದು ನೈಲಾನು, ಪಾಲಿಯೆಸ್ಟರುಗಳ ಕೃತಕ ಕುಂಚ. ನಲವತ್ತು ವರ್ಷಗಳ ಹಿಂದೆ ನಾನು ಕಂಡ ಕೃತಕ ಕುಂಚಗಳು ಪೊರಕೆಗಿಂತ ಮೇಲಾಗಿರಲಿಲ್ಲ. ನೀರನ್ನು ಒಮ್ಮೆಲೇ ಸುರಿದುಬಿಡುತ್ತಿದ್ದವು. ಈಗಿನವು ಹಾಗಿಲ್ಲ. ಎಳೆಯ ತುದಿಯನ್ನು ಸಣ್ಣಗೆ ಮಾಡುತ್ತಾರೆ, ದಪ್ಪ-ತೆಳು ಎಳೆಗಳನ್ನು ಬೆರೆಸಿ ನೀರು ನಿಲ್ಲುವಂತೆ ಮಾಡುತ್ತಾರೆ. ಚಿಮ್ಮುವ ಗುಣದಲ್ಲಿ ಅವು ಅಳಿಲಿನ ಕುಂಚವನ್ನು ಮೀರಿಸುತ್ತವೆ. ದೋಷವೆಂದರೆ ಕೆಲವು ತಿಂಗಳುಗಳಲ್ಲಿ ಮೊನೆಯು ಕೊಕ್ಕೆಯಂತೆ ಬಾಗುತ್ತದೆ. ಒಂದು ಕೊಲಿನ್‌ಸ್ಕಿ ಇಪ್ಪತ್ತು ವರ್ಷ ಬಾಳುವಲ್ಲಿ ಕೃತಕ ಕುಂಚಗಳು ಎಷ್ಟು ಬೇಕಾದಾವೋ! ಆ ಎಸೆದ ನೈಲಾನು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯದೆ ಉಳಿದು ಯಾವ ಯಾವ ಜೀವದ ಹೊಟ್ಟೆ ಸೇರುವುದೋ! ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಒಂದು ಜೀವವನ್ನು ಅದರ ಕೂದಲಿಗಾಗಿಯೇ ಹುಡುಕಿಹೋಗಿ ಕೊಲ್ಲುವುದು ಸಂಕಲ್ಪೀ ಹಿಂಸೆ; ಬಳಕೆಯಲ್ಲಿ ತಪ್ಪಿಸಲಾಗದೆ ಒದಗುವುದು ಆರಂಭೀ ಹಿಂಸೆ. ಅಣುವ್ರತಿಯು ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕು, ಎರಡನೆಯದನ್ನು ಕುಗ್ಗಿಸುತ್ತ ಹೋಗಬೇಕು. ಕುಗ್ಗಿಸುವ ದಾರಿ ಭೋಗೋಪಭೋಗ ಪರಿಮಾಣವೇ. ನಾನೀಗ ಮೂರೇ ಕುಂಚಗಳನ್ನು ಇಟ್ಟುಕೊಂಡಿದ್ದೇನೆ. ಬರೆದಾದ ಕೂಡಲೇ ತಣ್ಣೀರಿನಲ್ಲಿ ತೊಳೆಯುತ್ತೇನೆ. ಲೋಟದಲ್ಲಿ ತುದಿಯ ಮೇಲೆ ನಿಲ್ಲಿಸುವುದಿಲ್ಲ. ಬೆರಳಿನಿಂದ ಮೊನೆ ತಿದ್ದಿ ಮಲಗಿಸುತ್ತೇನೆ. ಮೊನೆ ಬಾಗಿದುದನ್ನು ಎಸೆಯದೆ ಬಣ್ಣ ಕಲಸಲು ಇಡುತ್ತೇನೆ. ಹಿಂದೆ ಇಷ್ಟು ಜತನ ನನಗಿರಲಿಲ್ಲ.

ಇಷ್ಟಾದರೂ ಪೆಟ್ಟಿಗೆ ಪೂರ್ತಿ ಶುದ್ಧವಾಯಿತೆಂದು ಹೇಳಲಾರೆ. ಕೆಲವು ಜಲವರ್ಣಗಳಲ್ಲಿ ಬಣ್ಣವು ಒಣಗದಿರಲೆಂದು ಜೇನನ್ನು ಸೇರಿಸುತ್ತಾರೆ! ಮದ್ಯ, ಮಾಂಸ, ಮಧುಗಳನ್ನು ಮೂಲಗುಣದಲ್ಲಿಯೇ ತ್ಯಜಿಸಿದವನು ಅದನ್ನು ಕುಂಚದಲ್ಲಿ ಅದ್ದುತ್ತಿರುತ್ತಾನೆ. ಒಂದು ಬಗೆಯ ಕಪ್ಪು ಸುಟ್ಟ ಮೂಳೆಯದು; ಕಾರ್ಮೈನ್ ಎಂಬ ಕೆಂಪು ಕೀಟದ್ದು. ಇವುಗಳ ಪಟ್ಟಿಯನ್ನು ಇಲ್ಲಿ ಬೆಳೆಸುವುದಿಲ್ಲ. ದೀಪದ ಕಾಡಿಗೆಯ ಕಪ್ಪು, ಕಾವಿಮಣ್ಣಿನ ಕೆಂಪು, ಮರದ ಗೋಂದು ಇವು ನಮ್ಮ ಕೈಗೆಟುಕುವಲ್ಲಿಯೇ ಇವೆಯೆಂಬುದನ್ನು ಮಾತ್ರ ಸೂಚಿಸುತ್ತೇನೆ.

ಆ ಹಳೆಯ ಕುಂಚದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಅದನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಇಟ್ಟುಕೊಳ್ಳುವುದೂ ಸಲ್ಲದು. ಅರಣ್ಯ ಇಲಾಖೆಯ ಕಚೇರಿಗೆ ಒಯ್ದು, ನಡೆದುದನ್ನು ಬರೆದುಕೊಟ್ಟು ಒಪ್ಪಿಸಿದೆ. ಅದನ್ನು ಇಸಿದುಕೊಂಡ ಅಧಿಕಾರಿಯು ಒಂದೇ ಕುಂಚವನ್ನು ಕಂಡು ಸ್ವಲ್ಪ ಸೋಜಿಗಪಟ್ಟರು.

ಕಷ್ಟವಾದ ಪ್ರಶ್ನೆ ಬೇರೆಯೇ ಇದೆ. ಅದೇ ಕುಂಚದಿಂದ ನಾನು ಹಿಂದೆ ಬರೆದ ಇಪ್ಪತ್ತನಾಲ್ಕು ತೀರ್ಥಂಕರರ ಪಟವೊಂದು ಒಂದು ಬಸದಿಯ ಗೋಡೆಯಲ್ಲಿದೆ. ಜನರು ಅದಕ್ಕೆ ಕೈಮುಗಿಯುತ್ತಾರೆ. ಅದನ್ನು ತೆಗೆಯಬೇಕೆ? ತಿಳಿದವರೊಬ್ಬರು, ಭಕ್ತರ ಭಾವದಲ್ಲಿ ದೋಷವಿಲ್ಲ, ದೋಷ ನಿನ್ನದು, ಪ್ರಾಯಶ್ಚಿತ್ತವನ್ನು ನೀನು ಮಾಡಿಕೋ, ಪಟ ಅಲ್ಲಿಯೇ ಇರಲಿ ಎಂದರು. ಆಲೋಚನೆ ಮತ್ತು ಪ್ರತಿಕ್ರಮಣಗಳಾದವು. ಕೆಲವು ಉಪವಾಸಗಳೂ ಆದವು. ಆದರೂ ಆ ಬಸದಿಗೆ ಹೋದಾಗ ಮೂಲನಾಯಕನನ್ನು ನೋಡಿ ಬರುತ್ತೇನೆಯೇ ಹೊರತು ಆ ಗೋಡೆಯ ಕಡೆಗೆ ತಿರುಗಲು ಇನ್ನೂ ಮನಸ್ಸು ಬಂದಿಲ್ಲ.

ತಂಗಿಯ ನೋಂಪಿಯ ಚಿತ್ರಗಳನ್ನು ಕೃತಕ ಕುಂಚದಿಂದಲೂ ಹುಲ್ಲಿನೆಳೆಯಿಂದಲೂ ಬರೆದು ಮುಗಿಸಿದೆ. ನವಿಲಿನ ಭವದಲ್ಲಿ ಗರಿಯ ಕಣ್ಣುಗಳು ನಾನೆಣಿಸಿದಷ್ಟು ನವಿರಾಗಿ ಬರಲಿಲ್ಲ. ಅಲ್ಲಲ್ಲಿ ಗೆರೆ ದಪ್ಪವಾಗಿದೆ. ಇನ್ನೊಮ್ಮೆ ಬರೆದುಕೊಡುತ್ತೇನೆಂದೆ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇರಲಿ ಅಣ್ಣಾ, ಇದೇ ಇರಲಿ" ಎಂದು ಪುಸ್ತಕದೊಳಗೆ ಇಟ್ಟುಕೊಂಡಳು.